ಕುಹೊನ್‌ಬುತ್ಸು ಜೋಶಿನ್‌ಜಿ: ಟೋಕಿಯೊದ ಮನೆಗಳ ನಡುವಿನ ದೇಗುಲಕ್ಕೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟೋಕಿಯೊಗೆ ಬಂದವರಲ್ಲಿ ಹೆಚ್ಚಿನವರು ಆಸಾಕುಸಾದ ಸೆನ್‌ಸೋಜಿ ನೋಡಿ, ಜನಜಂಗುಳಿಯಲ್ಲಿ ಫೋಟೊ ತೆಗೆಸಿಕೊಂಡು, ಜಪಾನಿನ ಬೌದ್ಧ ದೇಗುಲವೆಂದರೆ ಇಷ್ಟೇ ಎಂದುಕೊಂಡು ವಾಪಸಾಗುತ್ತಾರೆ. ಜನ ದಿನವೂ ಬಂದು ಕೈಮುಗಿದು ಹೋಗುವ, ತಮ್ಮ ಹಿರಿಯರ ಸಮಾಧಿಗಳಿರುವ ಬಡಾವಣೆಯ ದೇಗುಲ ಬೇರೆಯೇ ಲೋಕ. ಅಂಥದ್ದೊಂದನ್ನು ನಿಧಾನವಾಗಿ ನೋಡಬೇಕೆನ್ನುವವರಿಗಾಗಿ ಈ ಪುಟ. ಇಲ್ಲಿ ಹೇಳಿರುವ ನಡವಳಿಕೆಯ ಬಹುಪಾಲು ಜಪಾನಿನ ಬೇರೆ ಸಣ್ಣ ದೇಗುಲಗಳಿಗೂ ಹೊಂದುತ್ತದೆ.

ಇದು ಯಾವ ದೇಗುಲ? ಎಲ್ಲಿದೆ?

ಟೋಕಿಯೊದ ನೈಋತ್ಯಕ್ಕೆ, ಸೆತಗಾಯಾ ವಾರ್ಡಿನ ಒಕುಸಾವಾ ಬಡಾವಣೆಯಲ್ಲಿದೆ. ಹೆಸರು ಜೋಶಿನ್‌ಜಿ, ಜೋದೋ ಪಂಥಕ್ಕೆ ಸೇರಿದ್ದು. ಇಲ್ಲಿ ಅಮಿತಾಭ ಬುದ್ಧನ ಒಂಬತ್ತು ದೊಡ್ಡ ವಿಗ್ರಹಗಳಿರುವುದರಿಂದ ಜನರ ಬಾಯಲ್ಲಿ ಇದು ಕುಹೊನ್‌ಬುತ್ಸು, ಅಂದರೆ ಒಂಬತ್ತು ದರ್ಜೆಯ ಬುದ್ಧ. ರೈಲು ನಿಲ್ದಾಣಕ್ಕೂ ಅದೇ ಹೆಸರು.

ದೇಗುಲಕ್ಕಿಂತ ಮೊದಲು ಇಲ್ಲಿದ್ದದ್ದು ಒಕುಸಾವಾ ಕೋಟೆ. 1590ರಲ್ಲಿ ಸೇನಾನಾಯಕ ತೊಯೊತೊಮಿ ಹಿದೆಯೋಶಿ ಈ ಸೀಮೆಯನ್ನು ಆಳುತ್ತಿದ್ದ ಒದಾವಾರಾದ ಹೋಜೋ ಮನೆತನವನ್ನು ಸೋಲಿಸಿದ ಮೇಲೆ ಕೋಟೆ ಪಾಳುಬಿತ್ತು. ಆ ಜಾಗದಲ್ಲಿ 1678ರಲ್ಲಿ ಕಾಸೆಕಿ ಎಂಬ ಭಿಕ್ಷು ದೇಗುಲ ಸ್ಥಾಪಿಸಿದರು. ಆವರಣದ ಅಂಚಿನಲ್ಲಿ ನಡೆಯುವಾಗ ಮರಗಳ ಬುಡದಲ್ಲಿ ಉದ್ದಕ್ಕೆ ಏರಿದ ಮಣ್ಣಿನ ದಿಬ್ಬ ಕಾಣುತ್ತದೆ. ಅದು ತೋಟದ ಅಲಂಕಾರವಲ್ಲ, ಹಳೆಯ ಕೋಟೆಯ ಮಣ್ಣಿನ ಗೋಡೆ. ಅದನ್ನು ಹತ್ತಬೇಡಿ, ಮಳೆಯಾದಾಗ ತುಳಿದ ಕಡೆಯೆಲ್ಲ ಮಣ್ಣು ಕುಸಿಯುತ್ತದೆ.

ಹೋಗುವುದು ಹೇಗೆ?

ಶಿಬುಯಾದಿಂದ ತೋಕ್ಯೂ ತೋಯೋಕೋ ಮಾರ್ಗದಲ್ಲಿ ಜಿಯೂಗಾಓಕಾಗೆ ಬನ್ನಿ. ಎಕ್ಸ್‌ಪ್ರೆಸ್ ಗಾಡಿಗಳೂ ಅಲ್ಲಿ ನಿಲ್ಲುತ್ತವೆ, ಸುಮಾರು ಹತ್ತು ನಿಮಿಷದ ದಾರಿ. ತೋಯೋಕೋ ಪ್ಲಾಟ್‌ಫಾರ್ಮ್ ಮೇಲಿದೆ, ಓಯಿಮಾಚಿ ಮಾರ್ಗದ್ದು ಕೆಳಗಡೆ ನೆಲಮಟ್ಟದಲ್ಲಿದೆ. ಇಳಿದು ಫುತಾಕೊ-ತಾಮಾಗಾವಾ ಕಡೆಗೆ ಹೋಗುವ ಗಾಡಿ ಹಿಡಿದರೆ ಮುಂದಿನ ನಿಲ್ದಾಣವೇ ಕುಹೊನ್‌ಬುತ್ಸು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಓಯಿಮಾಚಿ ಮಾರ್ಗದ ಎಕ್ಸ್‌ಪ್ರೆಸ್ ಕುಹೊನ್‌ಬುತ್ಸುವಿನಲ್ಲಿ ನಿಲ್ಲುವುದಿಲ್ಲ. ಎಲ್ಲ ಕಡೆ ನಿಲ್ಲುವ ಲೋಕಲ್ ಗಾಡಿಯನ್ನೇ ಹತ್ತಬೇಕು. ಇನ್ನೊಂದು, ಈ ನಿಲ್ದಾಣದ ಪ್ಲಾಟ್‌ಫಾರ್ಮ್ ಗಾಡಿಗಿಂತ ಗಿಡ್ಡ. ಐದು ಬೋಗಿಯ ಗಾಡಿಯಲ್ಲಿ ಒಂದು ತುದಿಯ ಬೋಗಿಯ ಬಾಗಿಲು ಇಲ್ಲಿ ತೆರೆಯುವುದೇ ಇಲ್ಲ. ಗೊತ್ತಿಲ್ಲದೆ ಆ ಬೋಗಿಯಲ್ಲಿ ನಿಂತವರು ಬಾಗಿಲು ನೋಡುತ್ತಲೇ ಮುಂದಿನ ಓಯಾಮಾದಾಯಿ ನಿಲ್ದಾಣಕ್ಕೆ ಹೋಗಿಬಿಡುತ್ತಾರೆ. ನಡುವಿನ ಬೋಗಿ ಹತ್ತಿದರೆ ಈ ತಾಪತ್ರಯವಿಲ್ಲ. ರೈಲೇ ಬೇಡವೆಂದರೆ ಜಿಯೂಗಾಓಕಾದಿಂದ ಕಾಲು ಗಂಟೆಯೊಳಗೆ ನಡೆದೂ ಬರಬಹುದು.

ಭಾರತೀಯ ಕುಟುಂಬಗಳು ಹೆಚ್ಚಾಗಿರುವ ನಿಶಿ-ಕಸಾಯಿ ಕಡೆಯಿಂದ ಬರುವವರಿಗೆ ಸಲೀಸಾದ ದಾರಿ ಹೀಗಿದೆ: ತೋಜಾಯಿ ಮಾರ್ಗದಲ್ಲಿ ಕಯಾಬಾಚೋ, ಅಲ್ಲಿಂದ ಹಿಬಿಯಾ ಮಾರ್ಗದಲ್ಲಿ ಕೊನೆಯ ನಿಲ್ದಾಣ ನಾಕಾ-ಮೆಗುರೊ, ಅಲ್ಲಿ ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ಬರುವ ತೋಯೋಕೋ ಗಾಡಿಯಲ್ಲಿ ಜಿಯೂಗಾಓಕಾ. ಒಟ್ಟು ಒಂದು ಗಂಟೆ ಇಟ್ಟುಕೊಳ್ಳಿ. ಸುಯಿಕಾ ಅಥವಾ ಪಸ್ಮೊ ಕಾರ್ಡಿನಲ್ಲಿ ದುಡ್ಡಿದ್ದರೆ ಟಿಕೆಟ್ಟಿನ ಗೊಡವೆಯಿಲ್ಲ.

ನಿಲ್ದಾಣದಿಂದ ಹೊರಬಿದ್ದು ರೈಲ್ವೆ ಗೇಟಿನ ಉತ್ತರ ಬದಿಗೆ ಬಂದರೆ ಮರಗಳ ಸಾಲಿನ ದಾರಿ ಎದುರಿಗೇ ಶುರುವಾಗುತ್ತದೆ.

ಟಿಕೆಟ್ ಇದೆಯೇ? ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ?

ಪ್ರವೇಶಕ್ಕೆ ದುಡ್ಡಿಲ್ಲ. ಬೆಳಿಗ್ಗೆ ಬೇಗ ತೆರೆದು ಸಂಜೆ ನಾಲ್ಕೂವರೆಗೆ ಬಾಗಿಲು ಹಾಕುತ್ತಾರೆ. ನಾಲ್ಕಕ್ಕೆ ಬಂದರೆ ಒಂದು ಸುತ್ತು ಹಾಕುವಷ್ಟರಲ್ಲಿ ಹೊರಡುವ ಹೊತ್ತಾಗುತ್ತದೆ. ಒಂದೂವರೆ ಗಂಟೆಯಾದರೂ ಕೈಯಲ್ಲಿರಲಿ.

ಬೆಳಗಿನ ಹೊತ್ತೇ ಉತ್ತಮ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಒಂಬತ್ತು ಬುದ್ಧರಿರುವ ಮೂರೂ ಮಂದಿರಗಳು ಪೂರ್ವಕ್ಕೆ ಮುಖ ಮಾಡಿವೆ. ಬೆಳಗಿನ ಬೆಳಕು ಬಾಗಿಲ ಕಡೆಯಿಂದ ಬರುವುದರಿಂದ ಒಳಗಿನ ಮುಖಗಳು ಕಾಣುತ್ತವೆ. ಮಧ್ಯಾಹ್ನ ದಾಟಿದರೆ ಸೂರ್ಯ ಮಂದಿರಗಳ ಬೆನ್ನಿಗೆ ಹೋಗುತ್ತಾನೆ, ಒಳಗೆ ಕತ್ತಲು ಕವಿಯುತ್ತದೆ.

ಒಂಬತ್ತು ಬುದ್ಧರು ಏಕೆ? ಎಲ್ಲ ಒಂದೇ ಥರ ಕಾಣುತ್ತವಲ್ಲ?

ಈ ದೇಗುಲದ ತಿರುಳೇ ಇದು, ಸ್ವಲ್ಪ ನಿಂತು ನೋಡಿ.

ಜೋದೋ ಪಂಥವನ್ನು 1175ರಲ್ಲಿ ಆರಂಭಿಸಿದವರು ಹೋನೆನ್. ಅಮಿತಾಭನ ಹೆಸರನ್ನು ನಂಬಿಕೆಯಿಂದ ಕರೆದವರು ಸತ್ತ ಮೇಲೆ ಪಶ್ಚಿಮದಲ್ಲಿರುವ ಅವನ ಸುಖಾವತಿಯಲ್ಲಿ ಹುಟ್ಟುತ್ತಾರೆ ಎಂಬುದು ಅವರ ಬೋಧನೆ. ಈ ಪಂಥ ನೆಚ್ಚುವ ಮೂರು ಸೂತ್ರಗಳಲ್ಲಿ ಒಂದು, ಹಾಗೆ ಹುಟ್ಟುವವರನ್ನು ಮೇಲು, ನಡು, ಕೆಳ ಎಂದು ಮೂರು ದರ್ಜೆ ಮಾಡಿ, ಪ್ರತಿ ದರ್ಜೆಯನ್ನೂ ಮತ್ತೆ ಮೂರಾಗಿ ಒಡೆಯುತ್ತದೆ. ಹಾಗಾಗಿ ಒಂಬತ್ತು. ಮೇಲಿನವರು ಧರ್ಮಗ್ರಂಥ ಓದಿ ಬಾಳಿದವರು. ನಡುವಿನವರಲ್ಲಿ ವ್ರತ ಹಿಡಿದವರ ಜೊತೆ ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಂಡ ಸಾಮಾನ್ಯ ಗೃಹಸ್ಥರೂ ಇದ್ದಾರೆ. ಒಂಬತ್ತನೆಯವರು ಘೋರ ಪಾಪ ಮಾಡಿ, ಸಾಯುವ ಗಳಿಗೆಯಲ್ಲಿ ಯಾರೋ ಹೇಳಿಕೊಟ್ಟಂತೆ ಅಮಿತಾಭನ ಹೆಸರು ಹೇಳಿದವರು. ಅವರಿಗೂ ಅಲ್ಲಿ ಜಾಗವಿದೆ. ವ್ಯತ್ಯಾಸ ಬರುವುದು ಕಾಯುವಿಕೆಯಲ್ಲಿ. ಎಲ್ಲರೂ ಹುಟ್ಟುವುದು ತಾವರೆಯಲ್ಲೇ. ಆದರೆ ಮೇಲಿನವನಿಗೆ ಕಾಯುವುದೇ ಇಲ್ಲ, ಕೊನೆಯವನು ಮುಚ್ಚಿದ ಮೊಗ್ಗಿನೊಳಗೆ ಹನ್ನೆರಡು ಮಹಾಕಲ್ಪ ಕಾಯಬೇಕು.

ಆ ಒಂಬತ್ತು ದರ್ಜೆಗೆ ಒಂಬತ್ತು ವಿಗ್ರಹ. ಒಂದೊಂದು ಮಂದಿರದಲ್ಲಿ ಮೂರು, ಮೇಲು ದರ್ಜೆಯವು ನಡುವಿನ ಮಂದಿರದಲ್ಲಿವೆ. ಮೈಕಟ್ಟು, ಮುಖ ಎಲ್ಲ ಹತ್ತಿರ ಹತ್ತಿರ ಒಂದೇ. ಬೇರೆಯಾಗುವುದು ಕೈಗಳು. ಮೊದಲು ಕೈ ಎಲ್ಲಿದೆ ನೋಡಿ: ತೊಡೆಯ ಮೇಲಿದೆಯೋ, ಎದೆಯ ಮುಂದಿದೆಯೋ, ಒಂದು ಮೇಲೆ ಒಂದು ಕೆಳಗೆ ಚಾಚಿದೆಯೋ. ಆಮೇಲೆ ಹೆಬ್ಬೆರಳಿಗೆ ತಾಗಿರುವ ಬೆರಳು ಯಾವುದು ನೋಡಿ: ತೋರುಬೆರಳೋ, ನಡುಬೆರಳೋ, ಉಂಗುರದ ಬೆರಳೋ. ಮೂರು ಭಂಗಿ, ಮೂರು ಬೆರಳು, ಒಟ್ಟು ಒಂಬತ್ತು ಮುದ್ರೆ. ಮಕ್ಕಳಿಗೆ ಇದನ್ನು ಹುಡುಕಲು ಬಿಟ್ಟರೆ ದೊಡ್ಡವರಿಗಿಂತ ಮೊದಲೇ ಹಿಡಿಯುತ್ತಾರೆ.

ಒಂಬತ್ತು ಅಮಿತಾಭರನ್ನು ಒಟ್ಟಿಗೆ ಉಳಿಸಿಕೊಂಡ ಇನ್ನೊಂದು ಪ್ರಸಿದ್ಧ ದೇಗುಲ ಕ್ಯೋತೊ ಪ್ರಾಂತ್ಯದ ಜೋರುರಿಜಿ. ಅದು ಬಹಳ ಹಳೆಯದು, ಅಲ್ಲಿ ಒಂಬತ್ತೂ ಒಂದೇ ಉದ್ದನೆಯ ಮಂದಿರದಲ್ಲಿ ಸಾಲಾಗಿ ಕುಳಿತಿವೆ.

ಒಂದು ಪೀಠ ಖಾಲಿಯಿತ್ತು. ಇನ್ನೊಂದರ ಕೂದಲು ನೀಲಿಯಾಗಿತ್ತು. ಏಕೆ?

ವಿಗ್ರಹಗಳನ್ನು ಒಂದೊಂದಾಗಿ ದುರಸ್ತಿಗೆ ಕಳುಹಿಸುವ ದೀರ್ಘ ಕೆಲಸ ನಡೆದಿದೆ. ಹಾಗಾಗಿ ನೀವು ಹೋದ ದಿನ ಒಂದು ಇಲ್ಲದಿರಬಹುದು. ದುರಸ್ತಿಯಾಗಿ ಬಂದವುಗಳ ಚಿನ್ನ ಹೊಸದಾಗಿ ಹೊಳೆಯುತ್ತದೆ, ಕೂದಲು ಗಾಢ ನೀಲಿ. ಬುದ್ಧನ ಕೂದಲು ನೀಲವರ್ಣದ್ದು ಎಂಬುದು ಲಕ್ಷಣಶಾಸ್ತ್ರದ ಮಾತು. ಮೊದಲು ಮಾಡಿದಾಗಲೂ ಹಾಗೇ ಇತ್ತು, ಹೊಗೆ ಧೂಳು ಕೂತು ಕಪ್ಪಾಗಿತ್ತು. ಹಳೆಯದೇ ಚೆನ್ನಾಗಿತ್ತು ಎಂದು ಅನೇಕರಿಗೆ ಅನ್ನಿಸುತ್ತದೆ. ಆದರೆ ಪೂಜೆಯಲ್ಲಿರುವ ವಿಗ್ರಹವನ್ನು ಮ್ಯೂಸಿಯಂ ವಸ್ತುವಿನ ಹಾಗೆ ಮಾಸಲು ಬಿಡಬೇಕಾಗಿಲ್ಲ ಎಂಬುದು ನಮ್ಮ ನಿಲುವು.

ಮುಖ್ಯ ಮಂದಿರ ಈ ಮೂರು ಮಂದಿರಗಳಿಗೆ ಎದುರಾಗಿರುವುದೇಕೆ?

ಮುಖ್ಯ ಮಂದಿರ ಪೂರ್ವದಲ್ಲಿದೆ, ಅಲ್ಲಿರುವುದು ಶಾಕ್ಯಮುನಿ, ಅಂದರೆ ಗೌತಮ ಬುದ್ಧ. ಅದು ನಾವಿರುವ ಈ ಲೋಕ, ಈ ದಡ. ಪಶ್ಚಿಮದ ಮೂರು ಮಂದಿರಗಳು ಆಚೆ ದಡ, ಅಮಿತಾಭನ ಸುಖಾವತಿ. ನಡುವೆ ಅಂಗಳ. ಬೋಧನೆಯನ್ನು ನೆಲದ ಮೇಲೇ ಬರೆದಿಟ್ಟಿದ್ದಾರೆ, ಆದ್ದರಿಂದ ಮೊದಲು ಮುಖ್ಯ ಮಂದಿರಕ್ಕೆ ಕೈಮುಗಿದು, ಆಮೇಲೆ ಅಂಗಳ ದಾಟಿ ಪಶ್ಚಿಮಕ್ಕೆ ಹೋಗುವ ಕ್ರಮವೇ ಸರಿ.

ಕೆಲವು ವರ್ಷಗಳಿಗೊಮ್ಮೆ ಎರಡೂ ದಡಗಳ ನಡುವೆ ನಿಜವಾಗಿಯೇ ಸೇತುವೆ ಕಟ್ಟುತ್ತಾರೆ. ಒಮೆನ್‌ಕಾಬುರಿ ಎಂಬ ಆ ಆಚರಣೆಯಲ್ಲಿ ಬೋಧಿಸತ್ವರ ಬಂಗಾರದ ಮುಖವಾಡ ತೊಟ್ಟವರು, ಸಾಯುವವರನ್ನು ಕರೆದೊಯ್ಯಲು ಬರುವ ಇಪ್ಪತ್ತೈದು ಬೋಧಿಸತ್ವರಾಗಿ ನಿಧಾನಕ್ಕೆ ಸೇತುವೆ ದಾಟುತ್ತಾರೆ. ಮೊದಲು ಆಗಸ್ಟ್ 16ರಂದು ನಡೆಯುತ್ತಿತ್ತು. ಬಿಸಿಲಿನಲ್ಲಿ ಮುಖವಾಡ, ಭಾರದ ಬಟ್ಟೆ ಹೊತ್ತವರ ಪಾಡು ಕಷ್ಟ. 2017ರಿಂದ ಮೇ 5ಕ್ಕೆ ಬದಲಾಗಿದೆ. ಆ ದಿನ ಮಾತ್ರ ಈ ದೇಗುಲದಲ್ಲಿ ಮೌನ ನಿರೀಕ್ಷಿಸಬೇಡಿ. ಯಾವ ವರ್ಷ ಎಂಬುದನ್ನು ದೇಗುಲದ ಪ್ರಕಟಣೆಯಲ್ಲಿ ನೋಡಿಕೊಂಡೇ ಹೊರಡಿ.

ಒಳಗೆ ಹೋಗುವಾಗ ಏನು ಮಾಡಬೇಕು?

ಹೆಬ್ಬಾಗಿಲಲ್ಲಿ ಟೋಪಿ ತೆಗೆದು ಸ್ವಲ್ಪ ತಲೆಬಾಗಿ. ಹೊಸ್ತಿಲನ್ನು ದಾಟಬೇಕು, ತುಳಿಯಬಾರದು. ನಮ್ಮ ಮನೆಗಳಲ್ಲೂ ಇರುವ ನಿಯಮವೇ ಆದ್ದರಿಂದ ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ.

ಕೈ ತೊಳೆಯುವ ತೊಟ್ಟಿ ಸಿಕ್ಕರೆ ಕ್ರಮ ಹೀಗೆ: ಬಲಗೈಯಲ್ಲಿ ಸೌಟು ಹಿಡಿದು ಒಮ್ಮೆ ತುಂಬ ನೀರು ತೆಗೆದುಕೊಳ್ಳಿ. ಅದರಲ್ಲಿ ಎಡಗೈ, ಕೈ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಎಡ ಬೊಗಸೆಗೆ ಸುರಿದುಕೊಂಡು ಬಾಯಿ ಮುಕ್ಕಳಿಸಿ, ಎಡಗೈ ಇನ್ನೊಮ್ಮೆ ತೊಳೆಯಿರಿ. ಉಳಿದ ನೀರು ಹಿಡಿಕೆಯ ಮೇಲೆ ಹರಿಯುವಂತೆ ಸೌಟನ್ನು ನೆಟ್ಟಗೆ ನಿಲ್ಲಿಸಿ, ಬೋರಲು ಇಡಿ. ಇಷ್ಟೂ ಒಂದೇ ಸೌಟು ನೀರಿನಲ್ಲಿ ಮುಗಿಯಬೇಕು. ಸಾಮಾನ್ಯ ತಪ್ಪೆಂದರೆ ಮೊದಲ ಕೈಗೇ ಎಲ್ಲ ಸುರಿದುಬಿಡುವುದು. ಸೌಟಿಗೆ ಬಾಯಿ ತಾಗಿಸುವಂತಿಲ್ಲ, ತೊಳೆದ ನೀರು ತೊಟ್ಟಿಯೊಳಗೆ ಬೀಳುವಂತಿಲ್ಲ. 2020ರ ನಂತರ ಎಷ್ಟೋ ಕಡೆ ಸೌಟು ತೆಗೆದು ನಲ್ಲಿಯಂತೆ ನೀರು ಬಿಟ್ಟಿದ್ದಾರೆ. ಅಲ್ಲಿ ಕೈ ಒಡ್ಡಿದರೆ ಸಾಕು.

ಕಾಣಿಕೆ ಡಬ್ಬಿಗೆ ನಾಣ್ಯವನ್ನು ಮೆಲ್ಲಗೆ ಜಾರಿಸಿ, ಎಸೆಯಬೇಡಿ. ಎಷ್ಟು ಎಂಬ ಕಟ್ಟಳೆಯಿಲ್ಲ. ಆದರೆ ಪರ್ಸಿನಲ್ಲಿ ಉಳಿದ ಒಂದು ಯೆನ್‌ಗಳನ್ನೆಲ್ಲ ಸುರಿಯುವುದು ಉಪಕಾರವಲ್ಲ. 2022ರಿಂದ ಜಪಾನ್ ಪೋಸ್ಟ್ ಬ್ಯಾಂಕಿನಲ್ಲೂ ಹೆಚ್ಚು ನಾಣ್ಯ ಜಮೆ ಮಾಡಲು ಶುಲ್ಕವಿದೆ. ಚಿಲ್ಲರೆಯ ರಾಶಿ ಸಣ್ಣ ದೇಗುಲಗಳಿಗೆ ಹೊರೆಯಾಗುತ್ತದೆ. ಒಂದು ನೂರು ಯೆನ್ ನಾಣ್ಯ ಅದಕ್ಕಿಂತ ಮೇಲು.

ಆಮೇಲೆ ಎರಡೂ ಕೈ ಜೋಡಿಸಿ ತಲೆಬಾಗಿ ಸುಮ್ಮನೆ ನಿಲ್ಲಿ. ಚಪ್ಪಾಳೆ ಬೇಡ. ಎರಡು ಸಲ ಚಪ್ಪಾಳೆ ತಟ್ಟುವುದು ಶಿಂತೋ ಗುಡಿಗಳ ಪದ್ಧತಿ, ಪ್ರವಾಸಿಗರು ಅತಿ ಹೆಚ್ಚು ಮಾಡುವ ತಪ್ಪು ಇದೇ. ಇಲ್ಲಿನ ಭಕ್ತರು ಹೇಳುವುದು 'ನಾಮು ಅಮಿದಾ ಬುತ್ಸು', ಅಂದರೆ ಅಮಿತಾಭ ಬುದ್ಧನಿಗೆ ಶರಣು. ನೀವೂ ಹೇಳಬಹುದು, ಹೇಳದಿದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಊದುಬತ್ತಿ ಹಚ್ಚಬಹುದೇ?

ಹಚ್ಚಲು ಇಟ್ಟಿರುವ ಕಡೆ ಹಚ್ಚಬಹುದು. ಜ್ವಾಲೆಯನ್ನು ಬಾಯಿಂದ ಊದಬೇಡಿ, ಕೈಯಿಂದ ಗಾಳಿ ಹಾಕಿ ಆರಿಸಿ. ಬೂದಿಯಲ್ಲಿ ಒಳಗಡೆಯಿಂದ ನೆಡುತ್ತಾ ಬನ್ನಿ. ಅಂಚಿನಲ್ಲಿ ನೆಟ್ಟರೆ ಮುಂದೆ ಬಂದವರು ಕೈ ಚಾಚುವಾಗ ತೋಳು ಸುಟ್ಟುಕೊಳ್ಳುತ್ತಾರೆ.

ಬೈಲಕುಪ್ಪೆಯಲ್ಲಿ ಮಾಡುವ ಹಾಗೆ ಪ್ರದಕ್ಷಿಣೆ, ದೀರ್ಘದಂಡ ನಮಸ್ಕಾರ ಮಾಡಬಹುದೇ?

ಬೈಲಕುಪ್ಪೆಯದು ಟಿಬೆಟನ್ ಪರಂಪರೆ. ಅಲ್ಲಿನ ಪ್ರಾರ್ಥನಾ ಚಕ್ರಗಳು, ಬಲಕ್ಕೆ ಸುತ್ತುವ ಪದ್ಧತಿ ಇಲ್ಲಿಲ್ಲ. ಮಂದಿರಗಳ ಸುತ್ತ ಹೋದರೆ ಹಿಂದೆ ಸಿಗುವುದು ಸಮಾಧಿಗಳೋ, ಭಿಕ್ಷುಗಳ ಮನೆಯ ಹಿತ್ತಲೋ ಆಗಿರಬಹುದು. ನೆಲಕ್ಕೆ ಮೈಚಾಚಿ ನಮಸ್ಕರಿಸಿದರೆ ಬಿದ್ದಿರಿ ಎಂದುಕೊಂಡು ಯಾರಾದರೂ ಓಡಿಬರಬಹುದು. ನಿಂತು ಕೈಮುಗಿಯುವುದೇ ಇಲ್ಲಿನ ರೀತಿ.

ಪರಿಚಿತ ಮುಖವೊಂದು ಇದೆ. ಹೆಬ್ಬಾಗಿಲ ಹತ್ತಿರದ ಪುಟ್ಟ ಮಂದಿರದಲ್ಲಿ ಸತ್ತವರ ಲೆಕ್ಕ ನೋಡುವ ಎನ್ಮಾ ಕುಳಿತಿದ್ದಾನೆ. ನಮ್ಮ ಯಮನೇ ಚೀನಾದ ಮೂಲಕ ನ್ಯಾಯಾಧೀಶನ ಉಡುಪು ತೊಟ್ಟು ಅಲ್ಲಿಗೆ ಹೋಗಿದ್ದಾನೆ.

ಚಪ್ಪಲಿ ಎಲ್ಲಿ ಬಿಡಬೇಕು?

ಒಂಬತ್ತು ಬುದ್ಧರನ್ನು ಹೊರಗಿನಿಂದಲೇ ನೋಡುವುದರಿಂದ ಅಲ್ಲಿ ಪ್ರಶ್ನೆಯಿಲ್ಲ. ಮುಖ್ಯ ಮಂದಿರದೊಳಗೆ ಹೋಗುವಾಗ ಪಾದರಕ್ಷೆ ಬಿಡಬೇಕು. ಬಿಡುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ: ಶೂ ಕಳಚಿದ ಕಾಲನ್ನು ಮತ್ತೆ ನೆಲಕ್ಕೆ ಊರದೆ ನೇರ ಹಲಗೆಯ ಮೇಲಿಡಬೇಕು. ನೆಲಕ್ಕೆ ತಾಗಿದ ಕಾಲುಚೀಲದಲ್ಲಿ ಒಳಗೆ ಹೋದರೆ ಶೂ ಬಿಟ್ಟ ಉದ್ದೇಶವೇ ಕೆಟ್ಟಂತೆ. ಶೂಗಳ ಮೂತಿ ಹೊರಗೆ ತಿರುಗಿಸಿಡಿ. ತೂತಿಲ್ಲದ ಕಾಲುಚೀಲ ಹಾಕಿಕೊಳ್ಳಿ, ಚಳಿಗಾಲದಲ್ಲಿ ದಪ್ಪನೆಯದು. ಜನವರಿಯಲ್ಲಿ ಆ ಮರದ ನೆಲ ಪಾದಕ್ಕೆ ಕೊರೆಯುತ್ತದೆ.

ಫೋಟೊ ತೆಗೆಯಬಹುದೇ?

ಮರ, ಬಾಗಿಲು, ಅಂಗಳ ಧಾರಾಳವಾಗಿ ತೆಗೆಯಿರಿ. ಮಂದಿರದ ಒಳಗೆ ಬೇಡ, ಅಥವಾ ಕೇಳಿ ತೆಗೆಯಿರಿ: 'ಶಾಶಿನ್ ಇಇ ದೆಸು ಕಾ' ಎಂದರೆ ಸಾಕು. ಸಮಾಧಿಗಳ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ. ಕಲ್ಲುಗಳ ಮೇಲೆ ಮನೆತನದ ಹೆಸರುಗಳಿರುತ್ತವೆ, ಅದು ಆಯಾ ಕುಟುಂಬದ ಖಾಸಗಿ ಜಾಗ. ಅಲ್ಲಿ ಜೋಡಿಸಿಟ್ಟ ಬಕೆಟ್ಟು, ಸೌಟುಗಳು ಸಮಾಧಿ ತೊಳೆಯಲು ಬರುವವರಿಗಾಗಿ. ಕಪ್ಪು ಬಟ್ಟೆ ತೊಟ್ಟವರ ಗುಂಪು ಕಂಡರೆ ಅಂತ್ಯಕ್ರಿಯೆಯೋ ವರ್ಷಾಬ್ದಿಕವೋ ನಡೆಯುತ್ತಿದೆ ಎಂದರ್ಥ. ಕ್ಯಾಮೆರಾ ಚೀಲಕ್ಕೆ ಹಾಕಿ, ದಾರಿ ಬಿಟ್ಟು ನಿಲ್ಲಿ.

ದೊಡ್ಡ ಗಂಟೆಯನ್ನು ಬಾರಿಸಬೇಡಿ. ನಮ್ಮ ಗುಡಿಯಲ್ಲಿ ಗಂಟೆ ಹೊಡೆದು ಒಳಹೋಗುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಅದರ ದನಿ ಇಡೀ ಬಡಾವಣೆಗೆ ಕೇಳುತ್ತದೆ.

ಗೋಶುಇನ್ ಮುದ್ರೆ ಪಡೆಯುವುದು ಹೇಗೆ?

ಬಂದು ಕೈಮುಗಿದದ್ದಕ್ಕೆ ಗುರುತಾಗಿ ಕುಂಚದಲ್ಲಿ ಬರೆದು ಕೆಂಪು ಮುದ್ರೆ ಒತ್ತಿ ಕೊಡುವ ಹಾಳೆ ಅದು. ಆದ್ದರಿಂದ ದರ್ಶನ ಮೊದಲು, ಮುದ್ರೆ ಆಮೇಲೆ. ಅದಕ್ಕೆಂದೇ ಮಡಿಕೆ ಮಡಿಕೆಯಾಗಿ ತೆರೆಯುವ ದಪ್ಪ ಕಾಗದದ ಪುಸ್ತಕ ಸಿಗುತ್ತದೆ. ಸಾಮಾನ್ಯ ನೋಟ್‌ಬುಕ್ ಕೊಟ್ಟರೆ ಬೇಡವೆನ್ನುತ್ತಾರೆ, ತೆಳು ಹಾಳೆಗೆ ಮಸಿ ಇಳಿಯುತ್ತದೆ. ಬೇಕಾದ ಪುಟ ತೆರೆದು 'ಒನೆಗಾಯಿಶಿಮಾಸು' ಎಂದು ಕೊಡಿ. ದೇಗುಲಗಳಲ್ಲಿ ಸಾಮಾನ್ಯವಾಗಿ 300ರಿಂದ 500 ಯೆನ್, ನಗದಾಗಿ, ಸರಿಯಾದ ಚಿಲ್ಲರೆಯಲ್ಲಿ. ಹತ್ತು ಸಾವಿರದ ನೋಟು ಚಾಚಬೇಡಿ. ಬರೆಯುವಾಗ ಮಾತಾಡಿಸಬೇಡಿ, ಕೈ ತಪ್ಪಿದರೆ ಅಳಿಸಲು ಬರುವುದಿಲ್ಲ. ಬರೆಯುವವರು ಇಲ್ಲದ ದಿನ ಮೊದಲೇ ಬರೆದಿಟ್ಟ ಬಿಡಿ ಹಾಳೆ ಕೊಡುತ್ತಾರೆ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಮೇಪಲ್ ಕೆಂಪಾಗಿ, ಗಿಂಕ್ಗೊ ಹಳದಿಯಾಗಿ ನಿಲ್ಲುತ್ತವೆ. ಜನವೂ ಆಗಲೇ ಹೆಚ್ಚು. ಆ ದಿನಗಳಲ್ಲಿ ವಾರದ ನಡುವೆ ಎಂಟು ಗಂಟೆಯೊಳಗೆ ಬನ್ನಿ. ನಿಜವಾದ ಸದ್ದಿಲ್ಲದ ದಿನಗಳು ಬೇಕಿದ್ದರೆ ಜನವರಿ ಮಧ್ಯದಿಂದ ಫೆಬ್ರವರಿಯವರೆಗೆ, ಇಲ್ಲವೇ ಜೂನ್ ಮಳೆಯಲ್ಲಿ. ಮಳೆಯಲ್ಲಿ ಪಾಚಿ ಹಸಿರೇರಿ ಈ ಜಾಗ ಅತ್ಯಂತ ಚೆಂದ ಕಾಣುತ್ತದೆ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ವಾರಗಳಲ್ಲಿ, ಅಂದರೆ ಹಗಲು ಇರುಳು ಸಮವಾಗುವ ವಿಷುವದ ದಿನ ಮತ್ತು ಅದರ ಹಿಂದೆ ಮುಂದೆ ಮೂರು ಮೂರು ದಿನ, ಕುಟುಂಬಗಳು ಹಿರಿಯರ ಸಮಾಧಿಗೆ ಬರುತ್ತವೆ. ಸೂರ್ಯ ನೇರ ಪಶ್ಚಿಮದಲ್ಲಿ, ಆಚೆ ದಡದ ದಿಕ್ಕಿನಲ್ಲಿ ಮುಳುಗುವ ದಿನಗಳವು. ಆದರೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ದೇಗುಲ ಮುಚ್ಚುವುದರಿಂದ ಮಂದಿರಗಳ ಹಿಂದೆ ಮುಳುಗುವ ಸೂರ್ಯನಿಗೆ ಕಾಯಬೇಡಿ. ಟೋಕಿಯೊದಲ್ಲಿ ಹಲವು ಮನೆಗಳು ಪಿತೃಗಳ ಓಬೊನ್ ಹಬ್ಬವನ್ನು ಜುಲೈ 13ರಿಂದ 16ರವರೆಗೆ ಮಾಡುತ್ತವೆ, ದೇಶದ ಹೆಚ್ಚಿನ ಕಡೆ ಆಗಸ್ಟಿನಲ್ಲಿ. ಈ ಸಮಯಗಳಲ್ಲಿ ಜಾಗ ಅವರದು.

ಬೇಸಿಗೆಯಲ್ಲಿ ಬಂದರೆ ಸಾಗಿಸೋ ಎಂಬ ಬಿಳಿ ಆರ್ಕಿಡ್ ಹುಡುಕಿ. ರೆಕ್ಕೆ ಬಿಚ್ಚಿದ ಬೆಳ್ಳಕ್ಕಿಯಂತೆ ಕಾಣುವ ಇದು ಸೆತಗಾಯಾ ವಾರ್ಡಿನ ಹೂವು. ಇದೇ ಕುಲದ ದೊಡ್ಡ ಹೂವಿನ ಬಂಧುವೊಂದು ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಸೊಳ್ಳೆ ಮುಲಾಮು ಹಚ್ಚಿಕೊಂಡೇ ಬನ್ನಿ, ಮರಗಳ ನೆರಳಲ್ಲಿ ಹಗಲೇ ಕಚ್ಚುತ್ತವೆ.

ಸಸ್ಯಾಹಾರಿಗಳು ಊಟಕ್ಕೆ ಏನು ಮಾಡಬೇಕು?

ಆವರಣದಲ್ಲಿ ತಿನ್ನುವುದು ಬೇಡ. ಹತ್ತಿರದ ಅಂಗಡಿಗಳಲ್ಲಿ ತರಕಾರಿ ಎಂದು ಕೊಟ್ಟ ನೂಡಲ್ಸಿನ ಸಾರಲ್ಲೂ ಮೀನಿನ ರಸ ಇರುವುದು ಮಾಮೂಲು. ಬೌದ್ಧ ದೇಗುಲದ ಪಕ್ಕದಲ್ಲಿದೆ ಎಂಬ ಕಾರಣಕ್ಕೆ ಸಸ್ಯಾಹಾರ ಇರುತ್ತದೆ ಎಂದುಕೊಳ್ಳಬೇಡಿ. ಕನ್ವೀನಿಯನ್ಸ್ ಸ್ಟೋರಿನಲ್ಲಿ ಬರೀ ಉಪ್ಪು ಹಾಕಿದ ಅನ್ನದುಂಡೆ ಕೇಳಿ: 'ಶಿಯೊ ಮುಸುಬಿ'. ಕೊಂಬು ಎಂಬ ಕಡಲಕಳೆ, ಉಪ್ಪಿನಕಾಯಿ ಹಾಕಿದ ಉಂಡೆಗಳಲ್ಲಿ ಮೀನಿನ ಸಾರ ಸೇರಿರಬಹುದು. ಅದಕ್ಕಿಂತ ಮನೆಯಿಂದ ಚಪಾತಿ ಪಲ್ಯ ಕಟ್ಟಿಕೊಂಡು ಬಂದು ಬೇರೆಡೆ ತಿನ್ನುವುದು ನಿಶ್ಚಿಂತೆ. ಕಸದ ಬುಟ್ಟಿ ಸಿಗುವುದಿಲ್ಲ, ಕಸ ಚೀಲದಲ್ಲೇ ವಾಪಸ್ ಹೋಗಲಿ.

ವಯಸ್ಸಾದ ತಂದೆ ತಾಯಿಯನ್ನು ಕರೆತರಬಹುದೇ?

ಖಂಡಿತ. ಏರು ಕಡಿಮೆ, ದಾರಿ ಹೆಚ್ಚಾಗಿ ಸಮತಟ್ಟು. ಜಲ್ಲಿ ಹಾಸಿದ ಕಡೆ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಹೂತುಕೊಳ್ಳುತ್ತದೆ, ಅಲ್ಲಿ ಹಿಂದಕ್ಕೆ ತಿರುಗಿಸಿ ಎಳೆಯಿರಿ. ಮಂದಿರಗಳಿಗೆ ಮೆಟ್ಟಿಲಿದೆ. ಹತ್ತಲಾಗದವರು ಅಂಗಳದಿಂದಲೇ ಕೈಮುಗಿಯಬಹುದು. ಮಂಡಿನೋವಿದ್ದವರು ಮುಖ್ಯ ಮಂದಿರದಲ್ಲಿ ಮಂಡಿಯೂರಿ ಕೂರಲೇಬೇಕೆಂದಿಲ್ಲ, ಕಾಲನ್ನು ಬುದ್ಧನ ಕಡೆ ಚಾಚದಿದ್ದರಾಯಿತು.

ಇಲ್ಲಿಂದ ಮುಂದೆ ಎಲ್ಲಿಗೆ ಹೋಗಬಹುದು?

ಅದೇ ಮಾರ್ಗದಲ್ಲಿ ಎರಡು ನಿಲ್ದಾಣ ಮುಂದೆ ತೊದೊರೊಕಿ ಇದೆ. ನಿಲ್ದಾಣದ ಹತ್ತಿರವೇ ಮರಗಳು ಮುಚ್ಚಿದ ಕಣಿವೆ, ಅದರ ಕೊನೆಯಲ್ಲಿ ಶಿಂಗೋನ್ ಪಂಥದ ತೊದೊರೊಕಿ ಫುದೋ ದೇಗುಲ. 2023ರಲ್ಲಿ ಮರ ಬಿದ್ದ ಮೇಲೆ ಕಣಿವೆಯ ದಾರಿಯ ಒಂದು ಭಾಗವನ್ನು ಮುಚ್ಚಿದ್ದರು, ಹಾಗಾಗಿ ಹೊರಡುವ ಮುನ್ನ ವಾರ್ಡ್ ಕಚೇರಿಯ ಸೂಚನೆ ನೋಡಿಕೊಳ್ಳಿ. ದಾರಿ ಮುಚ್ಚಿದ್ದರೂ ಮೇಲಿನ ರಸ್ತೆಯಿಂದ ದೇಗುಲ ತಲುಪಬಹುದು.